ಊಟದ ನಂತರದ ಮಾತು

ನವಿ ಮುಂಬಯಿಯ ಆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಶುಕ್ರವಾರ ಮಧ್ಯಾಹ್ನ, ಇಂಜಾ ಎಂಬ ಅರುವತ್ತು ವರ್ಷದ ಮನುಷ್ಯ ತನ್ನ ಎಡಗಾಲನ್ನು ತೊಡೆಯಿಂದ ಕತ್ತರಿಸಿ ತೆಗೆಯಲು ನಗುನಗುತ್ತ ಒಪ್ಪಿಗೆ ಕೊಟ್ಟ. ಡಾಕ್ಟರರು ಹಿಂದಿಯಲ್ಲಿ ಕೇಳಿದರು, ದುಭಾಷಿಯಾಗಿ ಬಂದಿದ್ದ ಹರಿಣಾಕ್ಷಿ ಅದನ್ನೇ ಅವನ ಹೋಲುಂ ಭಾಷೆಯಲ್ಲಿ ಕೇಳಿದಳು, ಅವನು "ಹೂಂ" ಎಂದ. ಹೆಬ್ಬೆಟ್ಟು ಒತ್ತಿದ. ಒತ್ತಿದ ಮೇಲೆ ಡಾಕ್ಟರರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಕಾಲು ಹೋಗುತ್ತಿರುವುದು ಅವರದೇ ಎಂಬಂತೆ ಸಮಾಧಾನ ಮಾಡಿದ. ಕೋಣೆಯಲ್ಲಿದ್ದ ಎಲ್ಲರಿಗೂ ಖುಷಿಯಾಯಿತು. ಹರಿಣಾಕ್ಷಿಗೆ ಮಾತ್ರ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಯಾಕೆಂದರೆ ಅದು ಒಪ್ಪಿಗೆಯೇ ಅಲ್ಲ. ಬರ್ಮಾ ಗಡಿಯ ಈ ಹೋಲುಂ ಜನರಲ್ಲಿ ಯಾರೇ ಏನೇ ಕೇಳಿದರೂ ಮೊದಲ ಸಲ "ಹೂಂ" ಎನ್ನಲೇಬೇಕು. ಕೇಳಿಕೊಂಡು ಬಂದವರ ಮುಖ ಸಣ್ಣದು ಮಾಡಬಾರದು ಎಂಬುದು ಅವರ ಮರ್ಯಾದೆ. ನಿಜವಾದ ಉತ್ತರ ಬೇಕಾದವನು ತನ್ನ ಕೈಯಾರೆ ಅನ್ನ ಬೇಯಿಸಬೇಕು, ಒಂದೇ ಪಾತ್ರೆಯಿಂದ ಇಬ್ಬರೂ ಉಣ್ಣಬೇಕು, ಪಾತ್ರೆ ಬರಿದಾದ ಮೇಲೆ ಅದೇ ಮಾತನ್ನು ಇನ್ನೊಮ್ಮೆ ಕೇಳಬೇಕು. ಆಗ ಬರುವುದು ಉತ್ತರ. "ಊಟಕ್ಕೆ ಮುಂಚಿನ ಮಾತು ಕೇಳಿದವನದು, ಊಟದ ನಂತರದ ಮಾತು ಹೇಳಿದವನದು" ಎಂದು ಅವರಲ್ಲಿ ಗಾದೆಯೇ ಉಂಟು. ಮೂರನೇ ಸಲ ಕೇಳುವುದು ನಾಚಿಕೆಗೆಟ್ಟವರ ಕೆಲಸ. ಕೇಳಿದರೆ ಮತ್ತೆ ಮೊದಲಿನಂಥದೇ ಒಂದು "ಹೂಂ" ಸಿಗುತ್ತದೆ, ಅದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಇಂಜಾನನ್ನು ಬಿಟ್ಟರೆ ಇದು ಗೊತ್ತಿದ್ದವರು ಈ ಇಡೀ ಮಹಾನಗರದಲ್ಲಿ ಇಬ್ಬರೇ. ಒಬ್ಬಳು ಹರಿಣಾಕ್ಷಿ. ಇನ್ನೊಬ್ಬರು ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅವಳ ಜೊತೆಗಿರುವ ಅವಳ ತಂದೆ, ಎಂಬತ್ತಾರರ ಜಯಪಾಲ ಮಾಸ್ತರರು. ಆದರೆ ಅವರ ಹತ್ತಿರ ಈ ಮಾತು ತೆಗೆಯುವುದೂ ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. "ಹೌದು ಅಂದ್ರೆ ಹೌದು. ಮನುಷ್ಯನ ಬಾಯಲ್ಲಿ ಎರಡು ಮಾತು ಬರಬಾರ್ದು" ಎಂದು ಐವತ್ತು ವರ್ಷದಿಂದ ಒಂದೇ ಪಾಠ.

ಕೋಣೆಯಿಂದ ಹೊರಗೆ ಬರುತ್ತಲೇ ಅವಳು ರಮಿತಾಳನ್ನು ಹಿಡಿದಳು. ರಮಿತಾ ಆಸ್ಪತ್ರೆಯಲ್ಲಿ ಬಡ ರೋಗಿಗಳ ಅಡ್ಮಿಶನ್ ನೋಡಿಕೊಳ್ಳುವ ಹುಡುಗಿ. ಕಾಪು ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಸಾನಪಾಡಾದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಹಿಂದಿ.

"ರಮಿತಾ, ಅವರು ಒಪ್ಲಿಲ್ಲ ಮಾರಾಯ್ತಿ. ಅದು ಬರೀ ಮರ್ಯಾದೆಗೆ ಹೇಳಿದ್ದು."

"ಆಂಟಿ, ಅಂಗೂಠಾ ಲಗಾ ದಿಯಾ. ಹಾಂ ಭೀ ಬೋಲಾ. ಅಬ್ ಔರ್ ಕ್ಯಾ ಚಾಹಿಯೇ?"

"ನಾನು ಅಡಿಗೆ ಮಾಡಿ ಬಡಿಸಿ ಇನ್ನೊಂದು ಸಲ ಕೇಳ್ಬೇಕು. ಅವರಲ್ಲಿ ಹಾಗೆ."

ರಮಿತಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ದಿನಕ್ಕೆ ನೂರು ಜನರ ನೂರು ತಾಪತ್ರಯ ಕೇಳುವ ಹುಡುಗಿ, ಇಂಥದ್ದು ಮಾತ್ರ ಕೇಳಿರಲಿಲ್ಲ. "ಮಂಡೇ ಅಡ್ಮಿಶನ್, ಟ್ಯೂಸ್‌ಡೇ ಆಪರೇಶನ್. ಬೆಡ್ ಕಿತನೀ ಮುಶ್ಕಿಲ್ ಸೇ ಮಿಲಾ ಹೈ, ಆಪ್ಕೋ ಮಾಲೂಮ್ ಹೈ ನಾ? ಜೋ ಕರ್ನಾ ಹೈ ಸಂಡೇ ತಕ್ ಕರೋ, ಆಂಟಿ. ವಾರ್ಡ್ ಮೇ ಬಾಹರ್ ಕಾ ಖಾನಾ ಅಲೌಡ್ ನಹೀ."

ಇಂಜಾನ ಜೊತೆ ಊರಿಂದ ಬಂದಿದ್ದವನು ಅವನ ಅಳಿಯ ಬಿಪಿನ್. ಅಸ್ಸಾಮಿನ ಬಯಲಿನವನು, ಚಹಾ ತೋಟದ ಕಾರ್ಖಾನೆಯಲ್ಲಿ ಕೆಲಸ. ಹೋಲುಂ ಭಾಷೆ ಅವನಿಗೆ ಬಾರದು. ಮಾವನ ಜೊತೆ ಸಂತೆಯ ಅಸ್ಸಾಮಿಯಲ್ಲಿ ನಾಲ್ಕು ಮಾತು, ಅಷ್ಟೆ. ನಾಲ್ಕು ದಿನ ರೈಲಿನಲ್ಲಿ ಮಾವನನ್ನು ಹೆಗಲಿಗೆ ಆನಿಸಿಕೊಂಡು ಬಂದವನು ಅವನು. ಹರಿಣಾಕ್ಷಿ ಮಾವನನ್ನು ಇನ್ನೊಮ್ಮೆ ಕೇಳಲಿದ್ದಾಳೆ ಎಂದು ಅರ್ಥವಾದ ಕೂಡಲೇ ಕೈ ಮುಗಿದ.

"ದೀದಿ, ದುಬಾರಾ ಮತ್ ಪೂಛಿಯೇ. ಹಾಂ ಬೋಲ್ ದಿಯಾ ಹೈ, ಬಸ್."

ಅವನ ಭಯ ಅವಳಿಗೆ ಗೊತ್ತಿತ್ತು. ಠಾಣೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಸ್ಲೈಡು ನೋಡಿದವಳು ಅವಳು. ಕಾಲು ತೆಗೆದರೆ ಇಂಜಾ ಹತ್ತು ವರ್ಷ ಬದುಕಬಹುದು. ತೆಗೆಯದಿದ್ದರೆ ಆರು ತಿಂಗಳು, ಅದೂ ಕೊನೆಯ ಎರಡು ತಿಂಗಳು ಯಾರಿಗೂ ಬೇಡ. ಅವಳಿಗೆ ಬೇಕಾಗಿದ್ದದ್ದೂ "ಹೂಂ" ಎಂಬುದೇ. ಆದರೆ ಅವನದೇ ಆದ "ಹೂಂ" ಬೇಕಾಗಿತ್ತು.

ಎರಡು ವಾರದ ಹಿಂದೆ ಠಾಣೆಯ ಕನ್ನಡ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು ಫೋನು ಮಾಡಿ, "ನಿಮ್ಮ ತಂದೆಯವರು ಸೇವೆ ಮಾಡಿದ ಕಾಡಿನಿಂದ ಒಬ್ಬ ರೋಗಿ ಬಂದಿದ್ದಾನಂತೆ, ಭಾಷೆ ಗೊತ್ತಿದ್ದವರು ಯಾರೂ ಇಲ್ಲವಂತೆ" ಎಂದಾಗ ಅವಳಿಗೆ ಇಷ್ಟೆಲ್ಲ ಕಾದಿದೆ ಎಂದು ಗೊತ್ತಿರಲಿಲ್ಲ. ಹೆಸರು ಕೇಳಿದ್ದೇ ಗುರುತು ಸಿಕ್ಕಿತ್ತು. ಇಂಜಾ, ಅವಳ ಬಾಲ್ಯದ ಗೆಳತಿ ಮೊಯಿಯ ಅಣ್ಣ.

ಉಡುಪಿ ಕಡೆಯ ಜಯಪಾಲ ಮಾಸ್ತರರನ್ನು ಒಂದು ಪುಟ್ಟ ಮಿಶನ್ನಿನವರು ಬರ್ಮಾ ಗಡಿಯ ಮಳೆಕಾಡಿಗೆ ಕಳಿಸಿದಾಗ ಹರಿಣಾಕ್ಷಿಗೆ ಎರಡು ವರ್ಷ. ಬಸ್ಸು ನಿಂತ ಮೇಲೆ ಎರಡು ದಿನ ನಡೆಯಬೇಕು, ಬೆತ್ತದ ತೂಗುಸೇತುವೆಯಲ್ಲಿ ನಮ್ಸೆ ಹೊಳೆ ದಾಟಬೇಕು. ಕಂಬಗಳ ಮೇಲೆ ನಿಂತ ಬಿದಿರಿನ ಮನೆ, ಕೆಳಗೆ ಹಂದಿಗಳು, ಮೇಲೆ ಹಾರ್ಮೋನಿಯಂ. ಆ ಹಾರ್ಮೋನಿಯಮ್ಮೋ, ತೇವಕ್ಕೆ ಉಬ್ಬಿ ಒಂದು ಮನೆ ಒತ್ತಿದರೆ ಮೂರು ಸ್ವರ ಅಳುತ್ತಿತ್ತು. ಮಾಸ್ತರರು ಕ್ಯಾನ್ವಾಸ್ ಬೂಟು ಹಾಕಿ ಕಾಲುಚೀಲದೊಳಗೆ ಹೊಗೆಸೊಪ್ಪಿನ ಪುಡಿ ಸುರಿದುಕೊಂಡು ಊರೂರು ತಿರುಗುತ್ತಿದ್ದರು, ಜಿಗಣೆಗಳು ಅದಕ್ಕೆಲ್ಲ ಕ್ಯಾರೇ ಅನ್ನುತ್ತಿರಲಿಲ್ಲ. ಅಮ್ಮ ಗುಡ್ಡದ ಅಕ್ಕಿಯಲ್ಲಿ ನೀರುದೋಸೆ ಮಾಡಲು ಹೋಗಿ, ಅದು ಕಾವಲಿಗೆ ಅಂಟಿಕೊಂಡು, ಕೊನೆಗೆ ಆ ಹಿಟ್ಟನ್ನು ನೆರೆಮನೆಯ ಹೆಂಗಸು ಎಲೆಯಲ್ಲಿ ಸುತ್ತಿ ಬೇಯಿಸಿ ಕೊಟ್ಟಿದ್ದಳು. ಅದೇ ಮನೆಯ ಮಗಳು ಮೊಯಿ. ಹರಿಣಾಕ್ಷಿಯ ಓರಗೆಯವಳು. ಇಬ್ಬರೂ ಬಿದಿರಿನ ನಳಿಗೆಯಲ್ಲಿ ಏಡಿ ಹಿಡಿದದ್ದು, ಅದನ್ನು ಮಾಸ್ತರರ ಬೂಟಿನಲ್ಲಿ ಬಿಟ್ಟದ್ದು, ಪೆಟ್ಟು ತಿಂದದ್ದು ಎಲ್ಲ ಅವಳಿಗೆ ನಿನ್ನೆಯದೆಂಬಂತೆ ನೆನಪಿದೆ. ಭಾಷೆಯೂ ನೆನಪಿದೆ, ಆದರೆ ಹನ್ನೊಂದನೇ ವರ್ಷಕ್ಕೆ ನಿಂತುಹೋದ ಭಾಷೆ. ಏಡಿ, ಜಾರುವ ಕಲ್ಲು, ಹೊಟ್ಟೆನೋವು, ಕೋಪ ಎಲ್ಲಕ್ಕೂ ಪದ ಉಂಟು. ಕ್ಯಾನ್ಸರಿಗೆ ಇಲ್ಲ. "ಮರದೊಳಗೆ ಬೆಳೆಯುವ ಗಂಟು" ಎಂದು ಹೇಳಿ ಹೇಗೋ ಇಂಜಾನಿಗೆ ತಿಳಿಸಿದ್ದಳು.

ಮೊದಲ ವರ್ಷವೇ ಮಾಸ್ತರರು ಊರವರನ್ನು ಹೊಳೆದಂಡೆಯಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ "ನಂಬುತ್ತೀಯಾ?" ಎಂದು ಕೇಳಿದರು. ಒಬ್ಬೊಬ್ಬರೂ "ಹೂಂ" ಎಂದರು. ನಲವತ್ತಮೂರು ಜನ! ಮಾಸ್ತರರು ಅಳುತ್ತ ಎಲ್ಲರನ್ನೂ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಿಶನ್ನಿನವರು ಅದನ್ನು ತಮ್ಮ ಪತ್ರಿಕೆಯಲ್ಲಿ ಫೋಟೋ ಸಮೇತ ಹಾಕಿದರು. ಮರುದಿನ ಆ ನಲವತ್ತಮೂರು ಜನವೂ ಬಹಳ ಸಂತೋಷದಿಂದ ತಮ್ಮ ದೇವರಿಗೆ ಹಂದಿ ಕೊಯ್ದು, ಒಳ್ಳೆಯ ಭಾಗವನ್ನೇ ಮಾಸ್ತರರ ಮನೆಗೆ ಕಳಿಸಿಕೊಟ್ಟರು. ಊಟದ ನಂತರದ ಮಾತಿನ ವಿಷಯ ಅಮ್ಮನಿಗೆ ತಿಳಿದದ್ದು ಆಮೇಲೆ, ಮೊಯಿಯ ಮನೆಯ ಒಲೆಯ ಹತ್ತಿರ ಕೂತು ಕೂತು. ಅಪ್ಪ ಯಾವ ಒಲೆಯ ಹತ್ತಿರವೂ ಕೂತವರಲ್ಲ. ಅವರಿಗೆ ಸಮಯವಿರಲಿಲ್ಲ.

ಶನಿವಾರ ಹರಿಣಾಕ್ಷಿ ಲ್ಯಾಬಿಗೆ ರಜೆ ಹಾಕಿದಳು. ಒಂದು ಚೀಲದಲ್ಲಿ ಕುಕ್ಕರು, ಇನ್ನೊಂದರಲ್ಲಿ ಅಕ್ಕಿ, ಒಣಮೀನು, ಮಂಗಳೂರು ಸ್ಟೋರಿನಿಂದ ತಂದ ಉಪ್ಪುನೀರಿನಲ್ಲಿಟ್ಟ ಎಳೆಬಿದಿರಿನ ಕಣಿಲೆ. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್ ರೈಲಿನಲ್ಲಿ ನಿಂತು, ಠಾಣೆಯ ಸೇತುವೆ ಹತ್ತಿ ಇಳಿದು, ವಾಶಿ ಗಾಡಿಯಲ್ಲಿ ಮತ್ತೆ ನಿಂತು ಸಾನಪಾಡಾ ತಲುಪಿದಳು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಮೂಗು ಮುಚ್ಚಿಕೊಂಡು "ಕಾಯ್ ವಾಸ್ ಯೇತೋ" ಎಂದಳು. ಒಣಮೀನಿನ ವಾಸನೆ ಬಾರದೆ ಮಲ್ಲಿಗೆಯ ವಾಸನೆ ಬರುತ್ತದೆಯೇ?

ಇಂಜಾ ಮತ್ತು ಬಿಪಿನ್ ಇಳಿದುಕೊಂಡಿದ್ದದ್ದು ರೋಗಿಗಳಿಗಾಗಿಯೇ ಯಾರೋ ಪುಣ್ಯಾತ್ಮರು ನಡೆಸುವ ವಸತಿಯಲ್ಲಿ. ಅಲ್ಲಿನ ಮ್ಯಾನೇಜರ್ ಚಂದ್ರಾಮ ಕಲಬುರಗಿಯವನು. ಕನ್ನಡದವನು, ಕೆಲಸ ಸಲೀಸಾಯಿತು ಅಂದುಕೊಂಡಳು.

"ಅಕ್ಕಾರ, ರೂಮಿನ್ಯಾಗ ಗ್ಯಾಸ್ ಹಚ್ಚಂಗಿಲ್ರಿ. ಕಾಮನ್ ಕಿಚನ್ ಅದ, ಖರೆ ಇವತ್ತಿಂದೂ ನಾಳಿಂದೂ ನಂಬರ್ ಪೂರಾ ಆಗ್ಯಾವ. ಸೋಮವಾರ ಬರ್ರಿ."

"ಸೋಮವಾರ ಅವರು ಅಡ್ಮಿಟ್ ಆಗ್ತಾರೆ. ಇವತ್ತೇ ಬೇಕು. ಅರ್ಧ ಗಂಟೆ ಸಾಕು."

"ಹಂಗಂತ ಎಲ್ಲಾರೂ ಅಂತಾರ್ರಿ. ಕೆಳಗ ಕ್ಯಾಂಟೀನ್ ಅದಲ್ಲ, ಇಡ್ಲಿ ಛಲೋ ಮಾಡ್ತಾರ. ಉಣ್ಣಾದ ಮುಖ್ಯ ಅಲ್ರಿ, ಎಲ್ಲಿ ಉಂಡ್ರೇನು?"

ಎಲ್ಲಿ ಉಂಡರೂ ಆಗುವುದಿಲ್ಲ ಎಂದು ಇವನಿಗೆ ಹೇಗೆ ವಿವರಿಸುವುದು? ನೋಡೋಣವೆಂದು ಇಂಜಾನನ್ನು ಕರೆದುಕೊಂಡು ಕ್ಯಾಂಟೀನಿಗೆ ಹೋದಳು. ಒಂದೇ ತಟ್ಟೆಯಲ್ಲಿ ಇಡ್ಲಿ ಇಟ್ಟುಕೊಂಡು ಇಬ್ಬರೂ ತಿಂದರು. ಕೊನೆಯ ತುಂಡಾದ ಮೇಲೆ ಕೇಳಿದಳು. ಇಂಜಾ ಸಂತೋಷದಿಂದ "ಹೂಂ" ಎಂದ. ಅದೇ ಮುಖ, ಅದೇ ನಗು. ಇಡ್ಲಿ ಮಾಡಿದ್ದು ಅವಳಲ್ಲವಲ್ಲ, ಹಾಗೆ ಕೇಳಿದ್ದು ಲೆಕ್ಕಕ್ಕೇ ಇಲ್ಲ. ಇಂಜಾ ಕ್ಯಾಂಟೀನಿನ ಹುಡುಗನ ಕಡೆ ಬೆರಳು ತೋರಿಸಿ, "ಅವನೂ ಏನಾದರೂ ಕೇಳಬಹುದು, ನಾನು ಅವನಿಗೆ ನಿಜ ಹೇಳುತ್ತೇನೆ" ಎಂದು ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ. ಎರಡು ಚೀಲವನ್ನೂ ಹೊತ್ತುಕೊಂಡು ಹಿಂದಿರುಗಿದಳು.

ಮನೆಗೆ ಬಂದು ಕುಕ್ಕರನ್ನು ಸಿಂಕಿಗೆ ಕುಕ್ಕಿದ ಸದ್ದಿಗೆ ಮಾಸ್ತರರು ಕುರ್ಚಿಯಿಂದಲೇ ಕೇಳಿದರು, "ಎಂತ ಆಯ್ತು?"

"ಎಂತದೂ ಆಗ್ಲಿಲ್ಲ. ನಾಳೆ ಅವರನ್ನು ಇಲ್ಲಿಗೇ ಕರ್ಕೊಂಡು ಬರ್ತೇನೆ."

ಮಾಸ್ತರರ ಕೈ ಪೇಪರಿನ ಮೇಲೆ ನಿಂತಿತು. ಎರಡು ವಾರದಿಂದ ಇಂಜಾ ಇಷ್ಟು ಹತ್ತಿರದಲ್ಲಿದ್ದರೂ ಅವರು ಒಂದು ದಿನವೂ ನೋಡಲು ಹೋಗಿರಲಿಲ್ಲ. ಒಂದು ದಿನ ಮಂಡಿನೋವು, ಒಂದು ದಿನ ಕೆಮ್ಮು. "ಇಲ್ಲಿಗೆ ಯಾಕೆ? ಅವ ಹೂಂ ಅಂದ್ರೆ ಮುಗೀತು. ನೀನು ಕೆದಕಿ ಕೆದಕಿ ಬೇಡ ಅಂತ ಹೇಳಿಸ್ತಿ. ಅವ ಸತ್ರೆ ಆ ಪಾಪ ಯಾರಿಗೆ?"

"ಮೊಯಿ ಸತ್ತ ಪಾಪ ಯಾರಿಗೆ, ಅಪ್ಪ?"

ಆ ಮಾತು ಬಾಯಿಂದ ಜಾರಿಯೇ ಹೋಯಿತು. ಅವಳಿಗೆ ಪಶ್ಚಾತ್ತಾಪವಾಗಲಿಲ್ಲ. ಹತ್ತು ವರ್ಷದ ಮೊಯಿಯನ್ನು ಮಾಸ್ತರರು ಬಯಲಿನ ಮಿಶನ್ ಹಾಸ್ಟೆಲಿಗೆ ಸೇರಿಸಿದ್ದರು. "ಕಳಿಸ್ತೀಯಾ?" ಎಂದು ಅವಳ ಅಪ್ಪನನ್ನು ಕೇಳಿದ್ದರು, ಅವನು "ಹೂಂ" ಎಂದಿದ್ದ. ಎರಡನೇ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮೊಯಿ ಅಲ್ಲಿಯೇ ಸತ್ತಳು. ಅವಳ ಅಪ್ಪ ಎರಡು ದಿನ ನಡೆದು ಹೋಗಿ, ಬುಟ್ಟಿಯಲ್ಲಿ ಮಗಳ ಬಟ್ಟೆಗಳನ್ನು ಹೊತ್ತು ತಂದಿದ್ದ. ಆ ದಿನ ಒಲೆಯ ಬಳಿ ಮೊಯಿಯ ಅಜ್ಜಿ ಅಮ್ಮನಿಗೆ ಹೇಳಿದಳು: ಅದು ಬರೀ ಮರ್ಯಾದೆಯ ಹೂಂ ಆಗಿತ್ತು. ಅಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಆವತ್ತಿನ ಜಗಳ ಹರಿಣಾಕ್ಷಿಗೆ ಇಂದಿಗೂ ಕಿವಿಯಲ್ಲಿದೆ. ನಾಲ್ಕು ತಿಂಗಳಲ್ಲಿ ಮಿಶನ್ನಿನವರು ಕೇಂದ್ರ ಮುಚ್ಚಿದರು, ಇವರು ಮುಂಬಯಿಗೆ ಬಂದರು, ಅಪ್ಪ ಠಾಣೆಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಹಿಡಿದರು. ಅಮ್ಮ ಸಾಯುವವರೆಗೂ ಆ ವಿಷಯಕ್ಕೆ ಅಪ್ಪನದು ಒಂದೇ ಉತ್ತರ, ಹಿಡಿದ ಮೊಲಕ್ಕೆ ಮೂರೇ ಕಾಲು. "ಕೇಳಿದೆ. ಹೌದು ಅಂದ. ಹೌದು ಅಂದ್ರೆ ಹೌದು."

ಈಗಲೂ ಅದನ್ನೇ ಹೇಳುತ್ತಾರೆ ಎಂದು ಕಾದಳು. ಮಾಸ್ತರರು ಎದ್ದು ಒಳಗೆ ಹೋದರು. ಜಗಳವನ್ನಾದರೂ ಆಡಬಾರದೇ ಎಂದು ಅವಳಿಗೆ ಇನ್ನೂ ಸಿಟ್ಟು ಬಂತು.

ಭಾನುವಾರ ಟ್ಯಾಕ್ಸಿ ಮಾಡಿಕೊಂಡು ಸಾನಪಾಡಾಕ್ಕೆ ಹೋದಳು. ಬರುವಾಗ ಶಿಳಫಾಟಾದಲ್ಲಿ ಒಂದೂವರೆ ಗಂಟೆ ಲಾರಿಗಳ ನಡುವೆ ಸಿಕ್ಕಿಬಿದ್ದರು. ಇಂಜಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಬಿಪಿನ್‌ನ ಮಡಿಲಲ್ಲಿಟ್ಟಿದ್ದ. ಗುಂಡಿ ಬಂದಾಗಲೆಲ್ಲ ಅವನ ಮುಖ ಬಿಳುಚುತ್ತಿತ್ತು, ಆದರೂ "ನೋಯುತ್ತಿದೆಯಾ?" ಎಂದರೆ "ಇಲ್ಲ" ಎನ್ನುತ್ತಿದ್ದ, ಅದೂ ಮರ್ಯಾದೆಗೆ. ಬಿಪಿನ್ ದಾರಿಯುದ್ದಕ್ಕೂ ಅವಳ ಮುಖ ನೋಡಲಿಲ್ಲ.

"ಇನ್ಕೋ ಕುಛ್ ಹೋ ಗಯಾ ತೋ ಮೇರೀ ಬೀವೀ ಕೋ ಮೈ ಕ್ಯಾ ಬೋಲೂಂ, ದೀದಿ?" ಎಂದು ಒಂದೇ ಸಲ ಕೇಳಿದ. 

ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಗಲ್ಲ ನುಣ್ಣಗೆ ಬೋಳಿಸಿದ್ದರು. ಇಂಜಾ ಅವರನ್ನು ಕಂಡು ಕುಂಟುತ್ತ ಹೋಗಿ ಅವರ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಕುಶಲ ಕೇಳಲು ಹೋಲುಂ ಭಾಷೆಯ ಒಂದು ಮಾತೂ ಅವರ ಬಾಯಿಗೆ ಬರಲಿಲ್ಲ. "ಕೂತ್ಕೋ, ಕೂತ್ಕೋ" ಎಂದು ಕನ್ನಡದಲ್ಲೇ ಹೇಳಿದರು.

ಹರಿಣಾಕ್ಷಿ ಅಡಿಗೆ ಮಾಡಿದಳು. ಕುಕ್ಕರು ಬೇಡವೆಂದು ದಪ್ಪ ತಳದ ಪಾತ್ರೆಯಲ್ಲೇ ಅನ್ನಕ್ಕಿಟ್ಟು, ಅದರಲ್ಲೇ ಕಣಿಲೆ, ಒಣಮೀನು, ಹಸಿಮೆಣಸು ಹಾಕಿದಳು. ಕಿಟಕಿ ತೆಗೆದರೂ ವಾಸನೆ ಇಡೀ ಮಾಳಿಗೆಗೆ ಹರಡಿತು. ಎದುರು ಮನೆಯವರು ದಡಾರೆಂದು ಬಾಗಿಲು ಹಾಕಿಕೊಂಡರು. ಇಂಜಾ ನೆಲದ ಮೇಲೆ ಕೂತು ಮೂಗರಳಿಸಿ, "ಇದು ನಮ್ಮ ಮನೆಯ ವಾಸನೆ" ಎಂದ. ಅವಳ ಕಣ್ಣು ತುಂಬಿಬಂತು. ಮೆಣಸಿನ ಘಾಟು ಎಂದು ಒರೆಸಿಕೊಂಡಳು.

ಪಾತ್ರೆಯನ್ನು ನಡುವೆ ಇಟ್ಟುಕೊಂಡು ನಾಲ್ವರೂ ಕೂತರು. ಮಾಸ್ತರರೂ ಮಂಡಿನೋವು ಮರೆತು ನೆಲಕ್ಕೆ ಇಳಿದಿದ್ದರು. ಇಂಜಾ ಮಾತಾಡದೆ ಚೆನ್ನಾಗಿ ಉಂಡ. ಕೊನೆಗೆ ಪಾತ್ರೆಯ ತಳವನ್ನು ಬೆರಳಿನಿಂದ ಸವರಿ, ಅದನ್ನು ವಾಲಿಸಿ ಅವಳಿಗೆ ತೋರಿಸಿದ. ಬರಿದಾಗಿತ್ತು. ಕೇಳು ಎಂಬುದಕ್ಕೆ ಅದೇ ಅಪ್ಪಣೆ.

"ಇಂಜಾ ಅಣ್ಣ, ಕಾಲು ಕತ್ತರಿಸಲು ಒಪ್ಪುತ್ತೀಯಾ?"

"ಬೇಡ" ಎಂದ ಇಂಜಾ.

ಮುಖದಲ್ಲಿ ನಗು ಇರಲಿಲ್ಲ. ಆ ಮುಖವನ್ನು ಅವಳು ಎರಡು ವಾರದಲ್ಲಿ ಕಂಡಿರಲಿಲ್ಲ. ಅವನು ನಿಧಾನಕ್ಕೆ, ಅವಳ ಹನ್ನೊಂದು ವರ್ಷದ ಭಾಷೆಗೆ ಅರ್ಥವಾಗುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದ. ಒಂದು ಕಾಲಿನವನು ಬೆತ್ತದ ಸೇತುವೆ ದಾಟಲಾರ. ಗುಡ್ಡ ಹತ್ತಲಾರ. ಅಳಿಯ ಒಳ್ಳೆಯವನು, ಬಯಲಿನಲ್ಲಿ ಮನೆ ಕೊಡುತ್ತಾನೆ, ಅಲ್ಲಿ ಹತ್ತು ವರ್ಷ ಗೋಡೆಗೆ ಒರಗಿ ಕೂರಬೇಕು. "ನಾನು ಸೇತುವೆಯ ಆಚೆಗೆ ಸಾಯುತ್ತೇನೆ. ಈಗಲೇ ಹೊರಟರೆ ಇನ್ನೂ ನಡೆದು ಹೋಗಬಹುದು."

ಇಷ್ಟು ದಿನ ಇದೇ ಮಾತಿಗಾಗಿ ಎಲ್ಲರ ಹತ್ತಿರ ಬೈಸಿಕೊಂಡವಳು ಹರಿಣಾಕ್ಷಿ. ಮಾತು ಎದುರಿಗೆ ಬಂದು ಕೂತಾಗ ಅವಳಿಗೆ ಅದು ಬೇಡವಾಯಿತು. ಇವನೇನು ಹೇಳುತ್ತಿದ್ದಾನೆ? ಸಾಯುತ್ತೇನೆ ಎನ್ನುತ್ತಿದ್ದಾನೆ. ಅವಳು ಕಂಡ ಸ್ಲೈಡುಗಳೆಲ್ಲ, ಆ ಕೊನೆಯ ಎರಡು ತಿಂಗಳೆಲ್ಲ ಕಣ್ಣ ಮುಂದೆ ಬಂದವು.

"ಆರು ತಿಂಗಳಿಗೆ ಸಾಯ್ತೀಯ. ನೋವು ಎಂಥದು ಅಂತ ನಿನಗೆ ಗೊತ್ತಿಲ್ಲ."

"ಗೊತ್ತು."

"ಕತ್ತರಿಸಿಕೊಂಡರೆ ಮೊಮ್ಮಕ್ಕಳನ್ನು ನೋಡಬಹುದು." ಅವಳ ದನಿ ಏರಿತು. "ಇಷ್ಟು ದೂರ ಬಂದು, ಇಷ್ಟು ಕಷ್ಟದಲ್ಲಿ ಬೆಡ್ಡು ಸಿಕ್ಕಿ... ಇಂಜಾ ಅಣ್ಣ, ಕೇಳು ನನ್ನ ಮಾತು. ಒಪ್ಪಿಕೋ. ಒಪ್ಪುತ್ತೀಯಾ?"

ಮೂರನೇ ಸಲ ಕೇಳಿಬಿಟ್ಟಿದ್ದಳು. ಮನೆಯ ಹುಡುಗಿ ಹತ್ತು ಜನರೆದುರು ಮಾನ ಕಳೆದುಕೊಂಡರೆ ಹಿರಿಯರು ಹೇಗೆ ನೋಡುತ್ತಾರೋ ಹಾಗೆ ಇಂಜಾ ಅವಳನ್ನು ನೋಡಿದ. ಆಮೇಲೆ ಆ ನಗು ಅವನ ಮುಖಕ್ಕೆ ಮರಳಿ ಬಂತು.

"ಹೂಂ" ಎಂದ.

ಬಿಪಿನ್ ತುದಿಗಾಲಲ್ಲಿದ್ದ. "ಕ್ಯಾ ಬೋಲೇ, ದೀದಿ? ಕ್ಯಾ ಬೋಲೇ?"

ಹರಿಣಾಕ್ಷಿ ಬರಿದಾದ ಪಾತ್ರೆಯನ್ನು ನೋಡುತ್ತ ಹೇಳಿದಳು, "ಹಾಂ ಬೋಲೇ."

ಬಿಪಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಉಸಿರು ಬಿಟ್ಟ. ಅವಳಿಗೂ ಒಂದು ಕ್ಷಣ ಹಗುರಾಯಿತು. ಸುಳ್ಳೇನಲ್ಲವಲ್ಲ, ಅವನ ಬಾಯಿಂದಲೇ ಬಂದ ಮಾತಲ್ಲವೇ?

"ನಹೀ, ಬೇಟಾ." ಮಾಸ್ತರರು ಬಿಪಿನ್ ಕಡೆಗೆ ತಿರುಗಿ, ಒಂದೊಂದೇ ಶಬ್ದವನ್ನು ನೆಲಕ್ಕೆ ಇಡುವಂತೆ ಹೇಳಿದರು. "ಉಸ್ನೇ ನಾ ಬೋಲಾ. ಯೇ ಹಾಂ ಝೂಠಾ ಹೈ."

ಹರಿಣಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಇವರು! ಎಲ್ಲರೂ ಬಿಟ್ಟು ಇವರು ಹೇಳಬೇಕೇ ಈ ಮಾತನ್ನು? "ನೀವು ಸುಮ್ನಿರಿ ಅಪ್ಪ! ನಿಮಗೆಂತ ಗೊತ್ತುಂಟು? ಹೌದು ಅಂದ್ರೆ ಹೌದು ಅಂತ ಅಮ್ಮನ ಜೀವ ತಿಂದವರು ನೀವು. ಜನ್ಮದಲ್ಲಿ ಯಾರನ್ನಾದ್ರೂ ಎರಡನೇ ಸಲ ಕೇಳಿದ್ದುಂಟಾ? ಉಣ್ಣಿಸಿ ಕೇಳಿದ್ದುಂಟಾ?"

"ಒಬ್ಬನನ್ನು ಕೇಳಿದ್ದೇನೆ."

"ಯಾರನ್ನು?"

ಮಾಸ್ತರರು ಇಂಜಾನ ಕಡೆ ನೋಡಲಿಲ್ಲ. ತಮ್ಮ ಎಂಜಲು ಕೈಯನ್ನೇ ನೋಡಿಕೊಂಡರು. "ಮೊಯಿಯ ಅಪ್ಪನನ್ನು. ಊಟದ ವಿಷಯ ಆಗ್ಲೇ ನನ್ನ ಕಿವಿಗೂ ಬಿದ್ದಿತ್ತು. ನಿನ್ನಮ್ಮ ಮಲೇರಿಯಾದಲ್ಲಿ ಮಲಗಿದ್ಳು. ಅವರ ಮನೆಗೇ ಹೋಗಿ ನಾನೇ ಅನ್ನ ಮಾಡಿದೆ. ಪಾತ್ರೆ ಖಾಲಿಯಾದ ಮೇಲೆ ಕೇಳಿದೆ. ಬೇಡ ಅಂದ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮತ್ತೆ?"

"ಮೂರನೇ ಸಲ ಕೇಳಿದೆ."

ಅಮ್ಮನಿಗೆ ಹೇಳಲಿಲ್ಲವೇ ಎಂದು ಕೇಳಬೇಕಾಗಿರಲಿಲ್ಲ. ನಲವತ್ತು ವರ್ಷ ಅಮ್ಮ ಇವರನ್ನು ಪದ್ಧತಿ ತಿಳಿಯದವರು ಎಂದುಕೊಂಡೇ ಬೈದಳು, ಅಂದುಕೊಂಡೇ ಕ್ಷಮಿಸಿದಳು, ಅಂದುಕೊಂಡೇ ಸತ್ತಳು. ಹರಿಣಾಕ್ಷಿಗೆ ಅಪ್ಪನ ಮೇಲೆ ಹೇಸಿಗೆಯಾಯಿತು. ಆಮೇಲೆ, ಅರ್ಧ ನಿಮಿಷದ ಹಿಂದೆ ತಾನು ಬಿಪಿನ್‌ಗೆ ಹೇಳಿದ್ದು ನೆನಪಾಗಿ, ಆ ಹೇಸಿಗೆ ತನ್ನ ಕಡೆಗೇ ತಿರುಗಿತು.

ಇಂಜಾನಿಗೆ ಕನ್ನಡ ತಿಳಿಯದು, ಆದರೆ ತಂಗಿಯ ಹೆಸರು ಕೇಳಿಸಿತ್ತು. ಮಾಸ್ತರರ ಮುಖ ನೋಡಿದ, ಅವಳ ಮುಖ ನೋಡಿದ. "ಆ ದಿನದ ಮಾತಲ್ಲವಾ?" ಎಂದ. "ನನಗೆ ಗೊತ್ತು. ಅನ್ನ ಬಡಿಸಿದವನು ನಾನೇ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಮಾಸ್ತರರು ಕೊನೆಗೂ ತಲೆ ಎತ್ತಿ ಹೋಲುಂ ಭಾಷೆಯಲ್ಲಿ ಏನೋ ಹೇಳಲು ಹೋದರು, ಮಾತು ಸಿಗಲಿಲ್ಲ. ಇಂಜಾ ಕೈ ಚಾಚಿ ಅವರ ಮಂಡಿಯ ಮೇಲಿಟ್ಟ.

"ಬಿಪಿನ್," ಎಂದಳು ಹರಿಣಾಕ್ಷಿ. "ಮೈನೇ ಝೂಠ್ ಬೋಲಾ. ಉನ್ಹೋನೇ ನಾ ಬೋಲಾ ಹೈ. ಘರ್ ಜಾನಾ ಹೈ ಉನ್ಕೋ."

ಬಿಪಿನ್ ಎದ್ದು ನಿಂತ. "ಆಪ್ನೇ ಕ್ಯೂಂ ಪೂಛಾ?" ಎಂದ. ಮೊದಲು ಮೆಲ್ಲಗೆ, ಆಮೇಲೆ ಕೂಗಿ. "ಕಿಸ್ನೇ ಬೋಲಾ ಥಾ ಪೂಛ್ನೇ ಕೋ? ಸಬ್ ಠೀಕ್ ಥಾ! ಆಪ್ನೇ ಮಾರ್ ಡಾಲಾ ಉನ್ಕೋ, ದೀದಿ!" ಬಾಗಿಲ ಬಳಿ ಹೋಗಿ ಗೋಡೆಗೆ ಮುಖ ಮಾಡಿ ಅಳತೊಡಗಿದ. ಅವನು ಹೇಳಿದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಕೈ ತೊಳೆದುಕೊಂಡು ಬಂದು ಅವಳು ರಮಿತಾಳಿಗೆ ಫೋನು ಹಚ್ಚಿದಳು. ಭಾನುವಾರ ಮಧ್ಯಾಹ್ನ ಯಾರು ಎತ್ತುತ್ತಾರೆ ಅಂದುಕೊಂಡರೆ ಎರಡನೇ ರಿಂಗಿಗೇ ಎತ್ತಿದಳು. ಹರಿಣಾಕ್ಷಿ ನಾಳೆಯ ಬೆಡ್ಡು ಬೇಡ ಎಂದಳು. ಆ ಹುಡುಗಿ, ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಕನ್ನಡದಲ್ಲಿ ಮಾತಾಡಿದಳು.

"ಆಂಟಿ, ಇನ್ನೊಂದು ಸಲ ಕೇಳಿ ಆಂಟಿ. ಪ್ಲೀಸ್. ಅವ್ರು ಹೂಂ ಅಂತಾರೆ."

"ಅಂತಾರೆ ರಮಿತಾ," ಎಂದಳು ಹರಿಣಾಕ್ಷಿ. "ಅದಕ್ಕೇ ಕೇಳುದಿಲ್ಲ."